ಎರಡು ವಿಷಯ ಈಗ, ಉಳಿದದ್ದು ಆಮೇಲೆ: ಮುಕ್ತ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸುವುದು ಹೇಗೆ?

ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತಕ್ಕೋ ವಿಜ್ಞಾನಕ್ಕೋ ಹೆದರಿ ಓದು ಬಿಟ್ಟವರು ನಿಮ್ಮ ಬೀದಿಯಲ್ಲೂ ಒಬ್ಬರಾದರೂ ಇರುತ್ತಾರೆ, ಅಲ್ವಾ? ಅಂಥವರಿಗೆ ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಒಳ್ಳೆಯ ದಾರಿ. 1989ರಲ್ಲಿ ಶುರುವಾದ ಈ ಕೇಂದ್ರ ಸರ್ಕಾರದ ಸಂಸ್ಥೆಗೆ ಬೆಂಗಳೂರಿನಲ್ಲೂ ಪ್ರಾದೇಶಿಕ ಕಚೇರಿ ಇದೆ. 14 ವರ್ಷ ತುಂಬಿದ್ದರೆ ಸಾಕು, ಎಷ್ಟು ದೊಡ್ಡವರಾದರೂ ಸೇರಬಹುದು.

ಅರ್ಜಿ ಆನ್‌ಲೈನಿನಲ್ಲೇ ಹಾಕಬೇಕು. ಸಂಸ್ಥೆಯ ಸ್ವಂತ ವೆಬ್‌ಸೈಟಿನಲ್ಲೇ ಹಾಕಿ. ‘ಪಾಸು ಗ್ಯಾರಂಟಿ’ ಎನ್ನುವ ಏಜೆಂಟರ ಕೈಗೆ ದುಡ್ಡು ಕೊಡಲೇಬೇಡಿ.

ನಿಧಾನವಾಗಿ ಕೂತು ಯೋಚಿಸಬೇಕಾದದ್ದು ವಿಷಯಗಳ ಬಗ್ಗೆ. ಒಟ್ಟು ಐದು ವಿಷಯ ಪಾಸಾಗಬೇಕು. ಅದರಲ್ಲಿ ಒಂದೋ ಎರಡೋ ಭಾಷೆ ಇರಬೇಕು, ಕನ್ನಡವನ್ನೂ ತಗೋಬಹುದು. ಗಣಿತ ಕಡ್ಡಾಯವಲ್ಲ! ಗೃಹವಿಜ್ಞಾನ, ಚಿತ್ರಕಲೆ, ಡೇಟಾ ಎಂಟ್ರಿಯಂಥ ವಿಷಯಗಳಿವೆ. ಆದರೆ ಮಕ್ಕಳಿಗೆ ಮುಂದೆ ಪಿಯುಸಿ ಸೈನ್ಸ್, ಡಿಪ್ಲೊಮಾ ಎಂಬ ಆಸೆ ಇದ್ದರೆ ಗಣಿತ, ವಿಜ್ಞಾನ ಬಿಡಬೇಡಿ. ಈಗ ಸುಲಭ ಅಂತ ಬಿಟ್ಟರೆ ಆಮೇಲೆ ಅದೇ ಬಾಗಿಲು ಮುಚ್ಚಿರುತ್ತದೆ.

ಹಳೆಯ ಮಾರ್ಕ್ಸ್ ಕಾರ್ಡ್ ಎಸೆದಿಲ್ಲ ತಾನೇ? ಬೇರೆ ಬೋರ್ಡಿನಲ್ಲಿ ಫೇಲಾಗಿದ್ದರೂ, ಪಾಸಾದ ವಿಷಯಗಳಲ್ಲಿ ಎರಡರವರೆಗೆ ಇಲ್ಲಿಗೆ ವರ್ಗಾಯಿಸಿಕೊಳ್ಳಬಹುದು. ಆ ವಿಷಯ ಇಲ್ಲಿನ ಪಟ್ಟಿಯಲ್ಲೂ ಇರಬೇಕು. ಆಗ ಬರೆಯಬೇಕಾದದ್ದು ಮೂರೇ. ಇದನ್ನು ಅರ್ಜಿ ಹಾಕುವಾಗಲೇ ಕೇಳಿಕೊಳ್ಳಿ.

ಪುಸ್ತಕಗಳ ಪಿಡಿಎಫ್ ವೆಬ್‌ಸೈಟಿನಲ್ಲಿ ಉಚಿತ. ‘ಸ್ವಯಂ’ ಜಾಲತಾಣದಲ್ಲಿ ವಿಡಿಯೊ ಪಾಠಗಳೂ ಇವೆ. ರಾತ್ರಿ ಕೆಲಸ ಮುಗಿಸಿಯೂ ನೋಡಬಹುದು.

ಜಾಸ್ತಿ ಜನ ಎಡವುವುದು ಟಿಎಂಎ ಎಂಬ ಹೋಂವರ್ಕಿನಲ್ಲಿ. ಪ್ರತಿ ವಿಷಯಕ್ಕೂ ಇದನ್ನು ಕೈಯಲ್ಲೇ ಬರೆದು, ಸ್ಕ್ಯಾನ್ ಮಾಡಿ, ಕೊನೆಯ ದಿನದೊಳಗೆ ಅಪ್‌ಲೋಡ್ ಮಾಡಬೇಕು. ಥಿಯರಿ ಅಂಕದಲ್ಲಿ ನೂರಕ್ಕೆ 20 ಇದರದ್ದು. ನಮ್ಮ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಅಕ್ಕ ಒಬ್ಬರು ಮೆಷಿನ್ ಮೇಲೆಯೇ ಹಾಳೆ ಹರಡಿ ಉತ್ತರ ಬರೆದರು. ರಾತ್ರಿ ಟ್ಯೂಬ್‌ಲೈಟಿನಲ್ಲಿ ಫೋಟೊ ತೆಗೆದರೆ ಅರ್ಧ ಹಾಳೆ ಮೇಲೆ ಅವರ ಕೈಯದೇ ನೆರಳು. ಬೆಳಗ್ಗೆ ಹೊಸಿಲ ಹತ್ತಿರ ಹಾಳೆ ಇಟ್ಟು ಮತ್ತೆ ತೆಗೆದೆವು, ಒಂದೊಂದು ಅಕ್ಷರವೂ ಸ್ಪಷ್ಟ. ನೀವೂ ಹಗಲಲ್ಲೇ ತೆಗೆಯಿರಿ.

ಪರೀಕ್ಷೆ ವರ್ಷಕ್ಕೆ ಎರಡು ಸಲ: ಏಪ್ರಿಲ್–ಮೇ, ಅಕ್ಟೋಬರ್–ನವೆಂಬರ್. ಅದರ ಶುಲ್ಕ ಬೇರೆ, ಅಡ್ಮಿಷನ್ ಶುಲ್ಕದಲ್ಲಿ ಸೇರಿಲ್ಲ. ಅದನ್ನು ಮರೆತು ಒಂದು ಸಲದ ಪರೀಕ್ಷೆ ಕಳೆದುಕೊಂಡವರನ್ನು ನೋಡಿ ನನಗೆ ಬೇಜಾರಾಗಿದೆ. ಪಾಸಾಗಲು ನೂರಕ್ಕೆ 33 ಬೇಕು. ಪ್ರಾಕ್ಟಿಕಲ್ ಇದ್ದರೆ ಅದರಲ್ಲೂ ಪ್ರತ್ಯೇಕವಾಗಿ ಪಾಸಾಗಬೇಕು.

ಐದನ್ನೂ ಒಟ್ಟಿಗೆ ಬರೆಯಬೇಕೆಂದಿಲ್ಲ. ನೋಂದಣಿ ಐದು ವರ್ಷ ನಡೆಯುತ್ತದೆ, ಅಷ್ಟರಲ್ಲಿ ಒಂಬತ್ತು ಅವಕಾಶ. ಪಾಸಾದ ವಿಷಯದ ಅಂಕ ಹಾಗೇ ಉಳಿಯುತ್ತದೆ, ಅದನ್ನು ಮತ್ತೆ ಬರೆಯುವುದಿಲ್ಲ. ಮೊದಲ ಸಲ ಎರಡೇ ಬರೆಯಿರಿ ಎನ್ನುತ್ತೇನೆ. ಹೊಲಿಗೆ ಅಂಗಡಿಯ ಅಕ್ಕ ಕನ್ನಡ, ಗೃಹವಿಜ್ಞಾನ ಮುಗಿಸಿದ್ದಾರೆ. ಮದುವೆ ಸೀಸನ್ನಿನ ಬ್ಲೌಸುಗಳ ರಾಶಿ ಇರುವುದರಿಂದ ಉಳಿದ ಮೂರನ್ನು ಅಕ್ಟೋಬರಿಗೆ ಇಟ್ಟುಕೊಂಡಿದ್ದಾರೆ.