ತಾಯಿಗೆ ಬಂದ ಜ್ವರ ಕೂಸಿನ ಡಾಕ್ಟರಿಗೂ ಗೊತ್ತಿರಬೇಕು

ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆ ಚೊಚ್ಚಲ ಬಸುರಿ ಹೆರಿಗೆಗೆ ತವರಿಗೆ ಬರುತ್ತಾಳೆ. ಬಟ್ಟೆಬರೆ ಎಲ್ಲಾ ಜೊತೆಗೆ ಬರುತ್ತವೆ, ಆದರೆ ರಕ್ತ, ಮೂತ್ರದ ರಿಪೋರ್ಟು ಎಷ್ಟೋ ಸಲ ಗಂಡನ ಮನೆಯಲ್ಲೇ ಉಳಿದುಬಿಡುತ್ತವೆ. ಹೆರಿಗೆ ವಾರ್ಡಿನಲ್ಲಿ ಕೇಳಿದರೆ "ಎಲ್ಲಾ ನಾರ್ಮಲ್ ಅಂದಿದ್ರು" ಅನ್ನುವುದಷ್ಟೇ ಉತ್ತರ. ಆರನೇ ತಿಂಗಳಲ್ಲಿ ಉರಿಮೂತ್ರ ಆಗಿತ್ತು, ಹೋದ ವಾರ ಚಳಿ ಜ್ವರ ಬಂದಿತ್ತು ಅನ್ನುವುದನ್ನು ಯಾರೂ ಹೇಳುವುದಿಲ್ಲ. ಮಗುವಿನ ಡಾಕ್ಟರಿಗೆ ಬೇಕಾದದ್ದು ಅದೇ ಸುದ್ದಿ.

ಬಸುರಿಯ ಸೋಂಕು ಕೂಸಿಗೆ ತಟ್ಟುವ ದಾರಿ ಒಂದೇ ಅಲ್ಲ. ಕೆಲವು ರೋಗಾಣು ತಾಯಿಯ ರಕ್ತದಿಂದ ಮಾಸು ದಾಟಿ ಒಳಗೆ ಹೋಗುತ್ತವೆ. ಕೆಲವು ಕೆಳಗಿನಿಂದ ಮೇಲೇರಿ ಗರ್ಭದ ನೀರಿಗೆ ಸೇರುತ್ತವೆ. ಇನ್ನು ಕೆಲವು ಹೆರಿಗೆ ಹೊತ್ತಿನಲ್ಲಿ ಅಂಟುತ್ತವೆ. ರೋಗಾಣು ಕೂಸನ್ನು ಮುಟ್ಟದೇ ಇದ್ದರೂ ಸೋಂಕಿನಿಂದ 37 ವಾರ ತುಂಬುವ ಮೊದಲೇ ನೋವು ಶುರುವಾಗಬಹುದು, ಮಗು ಎರಡೂವರೆ ಕೆ.ಜಿ.ಗಿಂತ ಕಡಿಮೆ ತೂಕದಲ್ಲಿ ಹುಟ್ಟಬಹುದು. 2022ರಲ್ಲಿ ಜಗತ್ತಿನಲ್ಲಿ ಸುಮಾರು 23 ಲಕ್ಷ ಕೂಸುಗಳು ಹುಟ್ಟಿದ ಒಂದು ತಿಂಗಳೊಳಗೆ ತೀರಿಕೊಂಡವು, ಅದರಲ್ಲಿ ಹೆಚ್ಚಿನವು ಬಡ ದೇಶಗಳ ಕೂಸುಗಳು. ದಿನ ತುಂಬದೆ ಹುಟ್ಟುವುದು, ಹುಟ್ಟುವಾಗ ಉಸಿರು ಕಟ್ಟುವುದು, ನಂಜು ಏರುವುದು, ಇವೇ ದೊಡ್ಡ ಕಾರಣಗಳು. ಬಡ ಊರುಗಳಲ್ಲಿ ಪರೀಕ್ಷೆ ತಡವಾಗುತ್ತದೆ, ಆಸ್ಪತ್ರೆ ದೂರ, ಮೊದಲೇ ತಾಯಿ ಮೈಯಲ್ಲಿ ರಕ್ತ ಕಡಿಮೆ.

ಹಾಗಾಗಿ ಮುಟ್ಟು ನಿಂತದ್ದು ಖಚಿತವಾದ ಕೂಡಲೇ ಆಶಾ ಕಾರ್ಯಕರ್ತೆ ಹತ್ತಿರ ಹೆಸರು ಬರೆಸಿ, ತಾಯಿ ಕಾರ್ಡ್ ಮಾಡಿಸಿ. ಮೂರು ತಿಂಗಳೊಳಗೆ ರಕ್ತ ಪರೀಕ್ಷೆ ಆಗಲಿ. ಎಚ್‌ಐವಿ, ಸಿಫಿಲಿಸ್ (ಲೈಂಗಿಕ ಸಂಪರ್ಕದಿಂದ ಅಂಟುವ ರೋಗ), ಹೆಪಟೈಟಿಸ್ ಬಿ (ಲಿವರಿಗೆ ತಗಲುವ ಸೋಂಕು), ಈ ಮೂರೂ ಅದರಲ್ಲಿ ಇವೆಯಾ ಅಂತ ಬಾಯಿಬಿಟ್ಟು ಕೇಳಿ, ನಾಚಿಕೆ ಬೇಡ. ಸಿಫಿಲಿಸ್‌ಗೆ ಚಿಕಿತ್ಸೆ ಸಿಗದಿದ್ದರೆ ಹೊಟ್ಟೆಯಲ್ಲೇ ಕೂಸು ಸಾಯಬಹುದು. ಬೇಗ ಗೊತ್ತಾದರೆ ಪೆನಿಸಿಲಿನ್ ಇಂಜೆಕ್ಷನ್‌ನಿಂದ ವಾಸಿಯಾಗುತ್ತದೆ, ಆದರೆ ಗಂಡನಿಗೂ ಚಿಕಿತ್ಸೆ ಆಗಬೇಕು, ಇಲ್ಲಾಂದ್ರೆ ಮತ್ತೆ ಅಂಟುತ್ತದೆ. ಎಚ್‌ಐವಿ ಇದ್ದರೂ ಮಾತ್ರೆ ತಪ್ಪಿಸದೆ ತಗೊಂಡರೆ ಮಗುವಿಗೆ ದಾಟುವ ಸಾಧ್ಯತೆ ನೂರಕ್ಕೆ ಐದಕ್ಕಿಂತ ಕಡಿಮೆ ಆಗುತ್ತದೆ. ಹೆಪಟೈಟಿಸ್ ಬಿ ಲಸಿಕೆಯನ್ನಂತೂ ಎಲ್ಲ ಕೂಸಿಗೂ ಹುಟ್ಟಿದ 24 ಗಂಟೆಯೊಳಗೆ ಹಾಕಿಸಬೇಕು. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ, ಆ ದಿನ ತಪ್ಪಿಸಬೇಡಿ.

ಈಗ ಮೂತ್ರದ ವಿಷಯ. ಇದನ್ನು ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕಂದ್ರೆ ಎಲ್ಲರೂ ಹಗುರವಾಗಿ ತಗೊಳ್ಳುವುದು ಇದನ್ನೇ. ಬೇಸಿಗೆಯಲ್ಲಿ ಹೊಲದ ಕೆಲಸಕ್ಕೆ ಹೋದ ಹೆಣ್ಣುಮಗಳು ಎಲ್ಲಿ ಮೂತ್ರಕ್ಕೆ ಹೋಗಬೇಕಾಗುತ್ತದೋ ಅಂತ ನೀರೇ ಕುಡಿಯುವುದಿಲ್ಲ, ಸಂಜೆ ತನಕ ತಡೆದುಕೊಂಡಿರುತ್ತಾಳೆ. ಸೋಂಕಿಗೆ ಅಷ್ಟು ಸಾಕು. ಬಸುರಿಯಲ್ಲಿ ಎಷ್ಟೋ ಸಲ ಉರಿ, ನೋವು ಏನೂ ಇಲ್ಲದೆಯೂ ಮೂತ್ರದಲ್ಲಿ ಸೋಂಕು ಇರುತ್ತದೆ, ಬಿಟ್ಟರೆ ಕಿಡ್ನಿಗೆ ಏರುತ್ತದೆ. ಪಟ್ಟಿ ಅದ್ದಿ ಸಕ್ಕರೆ, ಪ್ರೋಟೀನ್ ನೋಡುವ ಪರೀಕ್ಷೆಯಲ್ಲಿ ಇದು ಸಿಗದೇ ಹೋಗಬಹುದು. ಮೂತ್ರದಲ್ಲಿನ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆಗೆ ಯೂರಿನ್ ಕಲ್ಚರ್ ಅನ್ನುತ್ತಾರೆ, "ಅದನ್ನು ಒಂದು ಸಲ ಮಾಡಿಸಬಹುದಾ" ಅಂತ ಡಾಕ್ಟರನ್ನು ಕೇಳಿ. ಮೂತ್ರ ಹಿಡಿಯುವುದಕ್ಕೂ ಕ್ರಮ ಇದೆ. ನೀರಿನಿಂದ ತೊಳೆದುಕೊಂಡು, ಮೊದಲು ಬರುವುದನ್ನು ಬಿಟ್ಟು, ನಡುವಿನದನ್ನು ಲ್ಯಾಬಿನವರು ಕೊಟ್ಟ ಡಬ್ಬಿಯಲ್ಲಿ ಹಿಡಿಯಬೇಕು. ಡಬ್ಬಿಯ ಒಳಗೆ ಬೆರಳು ತಾಗಬಾರದು. ಮನೆಯ ಹಳೇ ಬಾಟಲಿ ಬೇಡವೇ ಬೇಡ. ಕೂಡಲೇ ಲ್ಯಾಬಿಗೆ ಕೊಡಿ. ರಿಪೋರ್ಟಿಗೆ ಎರಡು ಮೂರು ದಿನ ಹಿಡಿಯುತ್ತದೆ, ಅದನ್ನು ಮರೆಯದೆ ತಂದು ತೋರಿಸಿ. ಮಾತ್ರೆ ಬರೆದುಕೊಟ್ಟರೆ ಉರಿ ಕಡಿಮೆ ಆಯ್ತು ಅಂತ ಮಧ್ಯೆ ನಿಲ್ಲಿಸಬೇಡಿ. ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತಗೊಳ್ಳಲೂಬೇಡಿ, ಡಾಕ್ಸಿಸೈಕ್ಲಿನ್‌ನಂಥ ಕೆಲವು ಮಾತ್ರೆ ಬಸುರಿಗೆ ಆಗಿಬರುವುದಿಲ್ಲ.

ಚಳ್ಳಕೆರೆ, ಹಿರಿಯೂರು, ಜಗಳೂರು ಕಡೆ ಕುರಿ ಸಾಕುವ ಮನೆಯವರಿಗೆ ಒಂದು ಮಾತು. ಕುರಿ ಮರಿ ಹಾಕುವಾಗ, ಅದರಲ್ಲೂ ಕಂದು ಹಾಕಿದಾಗ, ಬಸುರಿ ಹೆಂಗಸು ಹತ್ತಿರ ಹೋಗಬಾರದು. ಕುರಿಯ ಕಸ (ಮಾಸು) ಎತ್ತುವುದು, ದೊಡ್ಡಿ ಗುಡಿಸುವುದು, ಸತ್ತ ಮರಿ ಮುಟ್ಟುವುದು ಯಾವುದನ್ನೂ ಆಕೆಗೆ ಹೇಳಬೇಡಿ. ಕುರಿ, ದನ ಕಂದು ಹಾಕುವ ಬ್ರೂಸೆಲ್ಲಾ ರೋಗ ಮನುಷ್ಯರಿಗೂ ಬರುತ್ತದೆ, ಬಸುರಿಗೆ ಬಂದರೆ ಗರ್ಭ ಇಳಿಯುವ ಅಪಾಯ ಇದೆ. ಹಸಿ ಹಾಲಿನಿಂದಲೂ ಬರುತ್ತದೆ, ಉಕ್ಕಿಸಿಯೇ ಕುಡಿಯಿರಿ. ಜ್ವರ ಬಿಟ್ಟು ಬಿಟ್ಟು ಬರುತ್ತಿದ್ದರೆ ಮನೆಯಲ್ಲಿ ಕುರಿ ಇವೆ ಅಂತ ಡಾಕ್ಟರಿಗೆ ಹೇಳಿ, ಅವರಿಗೆ ಅದು ದೊಡ್ಡ ಸುಳಿವು.

ಮೈಮೇಲೆ ಅಮ್ಮ (ಚಿಕನ್ ಪಾಕ್ಸ್) ಎದ್ದರೂ ಅಷ್ಟೇ. ದೇವರಿಗೆ ಹರಕೆ ಹೊತ್ತುಕೊಳ್ಳಿ, ಬೇವಿನ ಸೊಪ್ಪು ಇಡಿ, ಜೊತೆಗೆ ಆಸ್ಪತ್ರೆಗೂ ತಿಳಿಸಿ. ಹೆರಿಗೆಯ ಆಸುಪಾಸಿನ ದಿನಗಳಲ್ಲಿ ತಾಯಿಗೆ ಅಮ್ಮ ಆದರೆ ಕೂಸಿಗೆ ಅದು ಜೋರಾಗಿ ಬರಬಹುದು.

ನೀರು ಒಡೆದರೆ ಮೊದಲು ಗಡಿಯಾರ ನೋಡಿ. ಎಷ್ಟು ಹೊತ್ತಿಗೆ ಒಡೆಯಿತು ಅಂತ ತಾಯಿ ಕಾರ್ಡಿನ ಮೇಲೆಯೇ ಪೆನ್ನಿನಲ್ಲಿ ಬರೆಯಿರಿ. ನೋವು ಬರಲಿ ಅಂತ ಮನೆಯಲ್ಲಿ ಕಾಯಬೇಡಿ. ನೀರು ಒಡೆದು 18 ಗಂಟೆ ದಾಟಿದರೆ ಕೂಸಿಗೆ ನಂಜಾಗುವ ಅಪಾಯ ಏರುತ್ತದೆ. ನೀರು ವಾಸನೆ ಬರುತ್ತಿದ್ದರೆ, ತಾಯಿಗೆ ಜ್ವರ ಇದ್ದರೆ ಇನ್ನೂ ಜಾಸ್ತಿ.

ಹೆರಿಗೆ ಆದ ಮೇಲೆ ಹೊಕ್ಕುಳಿಗೆ ಹರಳೆಣ್ಣೆ, ಅರಿಶಿನ, ಬೂದಿ ಏನೂ ಹಚ್ಚಬೇಡಿ, ಒಣಗಿರಲಿ. ಮನೆಗೆ ಬಂದ ಮೇಲೂ ಆಶಾ 3, 7, 14, 21, 28, 42ನೇ ದಿನ ನೋಡಲು ಬರಬೇಕು, ತವರಿನ ಊರಿನ ಆಶಾಗೆ ಮೊದಲೇ ಹೇಳಿಟ್ಟಿರಿ. ಮೊಲೆ ಚೀಪುವುದು ನಿಲ್ಲಿಸಿದರೆ, ಅಂಗಾಲು ತಣ್ಣಗಾದರೆ ಅಥವಾ ಮೈ ಸುಟ್ಟರೆ, ನಿಮಿಷಕ್ಕೆ 60ಕ್ಕೂ ಹೆಚ್ಚು ಸಲ ಉಸಿರಾಡುತ್ತಿದ್ದರೆ, ಎದೆಗೂಡು ಒಳಕ್ಕೆ ಎಳೆಯುತ್ತಿದ್ದರೆ, ಎಬ್ಬಿಸಿದರೂ ಏಳದೆ ಜೋಲು ಬಿದ್ದಿದ್ದರೆ, ಹೊಕ್ಕುಳ ಸುತ್ತ ಕೆಂಪಾಗಿ ಕೀವಾದರೆ ಬೆಳಗಾಗಲಿ ಅನ್ನಬೇಡಿ. ನೂಲು ಹಾಕಿಸುವುದು, ದೃಷ್ಟಿ ತೆಗೆಯುವುದು ಆಮೇಲಾಗಲಿ. 108ಕ್ಕೆ ಫೋನ್ ಮಾಡಿ, ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಜಿಲ್ಲಾಸ್ಪತ್ರೆಗೆ ಹೊರಡಿ. ದಾರಿಯಲ್ಲಿ ಕೂಸು ತಣ್ಣಗಾಗದ ಹಾಗೆ ತಲೆಗೆ ಟೋಪಿ ಹಾಕಿ, ತಾಯಿಯ ಎದೆಗೆ ಬರೀ ಮೈ ತಾಗಿಸಿ ಮೇಲೆ ಹೊದಿಸಿಕೊಳ್ಳಿ, ಕುಡಿದರೆ ಮೊಲೆಹಾಲು ಕೊಡುತ್ತಿರಿ. ತಾಯಿ ಕಾರ್ಡ್ ಜೊತೆಯಲ್ಲಿರಲಿ. ಡಾಕ್ಟರ್ ಕೂಸನ್ನು ಮುಟ್ಟಿ ನೋಡುತ್ತಿರುವಾಗಲೇ ಹೇಳಿ: ತಾಯಿಗೆ ಜ್ವರ ಇತ್ತಾ, ಉರಿಮೂತ್ರ ಆಗಿತ್ತಾ, ನೀರು ಎಷ್ಟು ಹೊತ್ತಿಗೆ ಒಡೆಯಿತು, ಯಾವ ಮಾತ್ರೆ ತಗೊಂಡಿದ್ದಳು.