ಆನೆದಂತವೋ, ಎಲುಬೋ, ಮ್ಯಾಮತ್ತೋ: ಗೆರೆ ನೋಡಿ ಹೇಳುವ ನನ್ನ ಕ್ರಮ

ವಶಪಡಿಸಿಕೊಂಡ ಬಿಳಿ ಬಳೆ, ಮಣಿ, ಚಾಕುವಿನ ಹಿಡಿ ಪರೀಕ್ಷೆಗೆ ಬಂದಾಗ ಉತ್ತರಿಸಬೇಕಾದ ಪ್ರಶ್ನೆ ಎರಡು. ಇದು ದಂತವೇ? ದಂತವಾದರೆ ಈಗಿನ ಆನೆಯದ್ದೋ, ಆನೆಯ ಅಳಿದುಹೋದ ಸಂಬಂಧಿ ಮ್ಯಾಮತ್‌ನದ್ದೋ? ಎರಡನೆಯದು ನಮಗೆ ಸಂಬಂಧವಿಲ್ಲದ್ದು ಅನ್ನಿಸಬಹುದು. ಆದರೆ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದಲ್ಲಿ ಏಷ್ಯಾದ ಆನೆ 1975ರಿಂದಲೇ ಅತಿ ಬಿಗಿಯಾದ ಮೊದಲ ಅನುಬಂಧದಲ್ಲಿದೆ. ಆಫ್ರಿಕಾದ ಆನೆಯನ್ನು 1989ರ ಲೊಸಾನ್ ಸಭೆ ಅದೇ ಅನುಬಂಧಕ್ಕೆ ಸೇರಿಸಿತು; ಮುಂದೆ ಬೋಟ್ಸ್ವಾನಾ, ನಮೀಬಿಯಾ, ಜಿಂಬಾಬ್ವೆ, ದಕ್ಷಿಣ ಆಫ್ರಿಕಾಗಳ ಆನೆ ಷರತ್ತಿನ ಮೇಲೆ ಎರಡನೆಯದಕ್ಕೆ ಹೋಯಿತು. ಮ್ಯಾಮತ್ ಯಾವ ಅನುಬಂಧದಲ್ಲೂ ಇಲ್ಲ. 2019ರಲ್ಲಿ ಅದನ್ನು ಸೇರಿಸಬೇಕೆಂದು ಇಸ್ರೇಲ್ ಪ್ರಸ್ತಾಪ ತಂದು, ಹಿಂದಕ್ಕೆ ಪಡೆಯಿತು. ಹೀಗಿರುವಾಗ ಮಾಲು ಸಮೇತ ಸಿಕ್ಕವರು "ಇದು ಮ್ಯಾಮತ್ ಸಾರ್" ಅನ್ನುವುದರಲ್ಲಿ ಆಶ್ಚರ್ಯವಿಲ್ಲ.

ಬೇಕಾಗುವ ಸಾಮಾನು ಕಡಿಮೆ: ಹತ್ತು ಪಟ್ಟು ಹಿಗ್ಗಿಸುವ ಲೆನ್ಸು, 365 ನ್ಯಾನೋಮೀಟರಿನ ಯುವಿ (ನೇರಳಾತೀತ ಬೆಳಕಿನ) ಟಾರ್ಚು, ಸ್ಕ್ಯಾನರ್, ಕೋನಮಾಪಕ, ಚೂಪು ತುದಿಯ ಪೆನ್ನು. ಕಾದ ಸೂಜಿ ಚುಚ್ಚುವ ಹಳೆಯ ಪರೀಕ್ಷೆಯನ್ನು ನಾನು ಮಾಡುವುದಿಲ್ಲ. ಅದು ಪ್ಲಾಸ್ಟಿಕ್ಕನ್ನು ಮಾತ್ರ ಬೇರ್ಪಡಿಸುತ್ತದೆ, ಜೊತೆಗೆ ಪುರಾವೆಯ ಮೇಲೆ ಸುಟ್ಟ ಗಾಯ ಬಿಡುತ್ತದೆ. ನ್ಯಾಯಾಲಯದಲ್ಲಿ ಆ ಗಾಯದ ಬಗ್ಗೆಯೇ ಅರ್ಧ ಗಂಟೆ ಪ್ರಶ್ನೆ ಬರುತ್ತದೆ.

ಮೊದಲು ಕತ್ತಲಲ್ಲಿ ಯುವಿ. ದಂತ, ಎಲುಬು ಎರಡೂ ನೀಲಿ-ಬಿಳಿಯಾಗಿ ಹೊಳೆಯುತ್ತವೆ. ರಾಳ, ಪ್ಲಾಸ್ಟಿಕ್ ಸಾಮಾನ್ಯವಾಗಿ ಮಂಕು. ಕೈ ತಾಗಿ ಹಳದಿಯಾದ ಅಥವಾ ಪಾಲಿಶ್ ಹಚ್ಚಿದ ಹಳೆಯ ದಂತವೂ ಮಂಕಾಗಿ ಕಾಣುತ್ತದೆ. ಹೊಳೆಯಿತು ಎಂದರೆ ಮುಂದಿನ ಪರೀಕ್ಷೆಗೆ ಅರ್ಹ, ಅಷ್ಟೇ.

ಆಮೇಲೆ ಲೆನ್ಸು. ಎಲುಬಿನಲ್ಲಿ ರಕ್ತನಾಳ ಹಾದ ಸಣ್ಣ ರಂಧ್ರಗಳಿರುತ್ತವೆ. ಉದ್ದುದ್ದ ಕೊಯ್ದಲ್ಲಿ ಅವು ಕಪ್ಪು ಗೀರುಗಳಾಗಿ, ಅಡ್ಡ ಕೊಯ್ದಲ್ಲಿ ಚುಕ್ಕಿಗಳಾಗಿ ಕಾಣುತ್ತವೆ. ದಂತದಲ್ಲಿ ಅವಿಲ್ಲ. ನೀರ್ಗುದುರೆಯ ಹಲ್ಲಿನಲ್ಲಿ ಒತ್ತೊತ್ತಾದ ಸುತ್ತುಗೆರೆ ಇರುತ್ತದೆ, ಒಂದನ್ನೊಂದು ದಾಟುವ ಗೆರೆ ಇರುವುದಿಲ್ಲ. ಕಡಲ ಪ್ರಾಣಿ ವಾಲ್ರಸ್‌ನ ಕೋರೆಯ ನಡುಭಾಗ ಅಮೃತಶಿಲೆಯಂತೆ ಹರಳುಹರಳು. ಈ ಎರಡು ಪ್ರಾಣಿಗಳೂ ಸೈಟಿಸ್ ಪಟ್ಟಿಯಲ್ಲಿವೆ. "ಆನೆಯದ್ದಲ್ಲ" ಎಂದು ಬರೆದು ಕಡತ ಮುಚ್ಚಿದರೆ ಬೇರೊಂದು ಅಪರಾಧ ಕೈತಪ್ಪಬಹುದು.

ಆನೆ ಮತ್ತು ಮ್ಯಾಮತ್ ದಂತಕ್ಕೆ ಶ್ರೇಗರ್ ಗೆರೆಗಳೇ ಗುರುತು. ಅಡ್ಡ ಕೊಯ್ದ ಮುಖದಲ್ಲಿ ಎರಡು ದಿಕ್ಕಿನ ಬಾಗುಗೆರೆಗಳು ಒಂದನ್ನೊಂದು ದಾಟಿ ಜಾಲರಿಯಂತೆ ಕಾಣುತ್ತವೆ. ಉದ್ದುದ್ದ ಕೊಯ್ದ ಮುಖದಲ್ಲಿ ಈ ಜಾಲರಿ ಇಲ್ಲ. ಆದ್ದರಿಂದ ಮಣಿಯಾದರೆ ಪ್ರತಿ ಬದಿಯನ್ನೂ ತಿರುಗಿಸಿ ನೋಡುತ್ತೇನೆ, ಬಳೆಯಾದರೆ ಚಪ್ಪಟೆ ಅಂಚನ್ನು.

ಕೋನ ಅಳೆಯುವುದೇ ನಾಜೂಕಿನ ಕೆಲಸ. ಮುಖವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಸ್ಕ್ಯಾನರಿನ ಗಾಜಿನ ಮೇಲೆ ಸಮನಾಗಿ ಇಟ್ಟು 600 ಡಿಪಿಐನಲ್ಲಿ ಚಿತ್ರ ತೆಗೆಯುತ್ತೇನೆ. ಹಿಗ್ಗಿಸಿದ ಮುದ್ರಣದ ಮೇಲೆ, ಹೊರಪದರಕ್ಕೆ ತೀರ ಹತ್ತಿರವಿರುವ ಗೆರೆಗಳನ್ನು ಪೆನ್ನು-ಸ್ಕೇಲಿನಿಂದ ಮುಂದುವರಿಸಿ, ಅವು ಸೇರುವಲ್ಲಿ ಕೋನ ಅಳೆಯುತ್ತೇನೆ. ಒಳಕ್ಕೆ ತೆರೆದದ್ದು, ಹೊರಕ್ಕೆ ತೆರೆದದ್ದು ಎರಡೂ ಸೇರಿ ಕನಿಷ್ಠ ಐದು ಕೋನ, ನಂತರ ಸರಾಸರಿ. 115 ಡಿಗ್ರಿಗಿಂತ ಹೆಚ್ಚಿನ ಕೋನ ಈಗಿನ ಆನೆಯದ್ದು. 90ಕ್ಕಿಂತ ಕಡಿಮೆಯದ್ದು ಮ್ಯಾಮತ್‌ನದ್ದು. ನಡುವಿನ ಕೋನಗಳು ಎರಡರಲ್ಲೂ ಸಿಗುತ್ತವೆ; ಒಂದೇ ಕೋನದ ಮೇಲೆ ತೀರ್ಮಾನ ಕೂಡದು ಅನ್ನುವುದು ಇದಕ್ಕೇ.

ಇಲ್ಲಿ ಎಡವುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ದಂತದ ನಡುಭಾಗದತ್ತ, ನರದ ಪೊಳ್ಳಿನ ಸುತ್ತ, ಎರಡೂ ಪ್ರಾಣಿಗಳಲ್ಲಿ ಕೋನ ಚೂಪಾಗಿಯೇ ಇರುತ್ತದೆ. ಸಣ್ಣ ಮಣಿಯಲ್ಲಿ ಹೊರಪದರವೇ ಉಳಿದಿರುವುದಿಲ್ಲ. ಅಂಥದ್ದರಲ್ಲಿ 80 ಡಿಗ್ರಿ ಸಿಕ್ಕಿತೆಂದು ಮ್ಯಾಮತ್ ಅಂದುಬಿಟ್ಟರೆ, ಆನೆ ಕೊಂದವನಿಗೆ ನಾವೇ ದಾರಿ ಮಾಡಿಕೊಟ್ಟಂತೆ. ಹೊರ ಅಂಚು ಯಾವುದೆಂದು ಖಚಿತವಾಗದ ತುಂಡಿಗೆ ನಾನು ಕೋನದ ಸಂಖ್ಯೆಯನ್ನೇ ಬರೆಯುವುದಿಲ್ಲ. "ಗಜಜಾತಿಯ ದಂತ, ಪ್ರಭೇದ ಡಿಎನ್‌ಎಯಿಂದ ತಿಳಿಯಬೇಕು" ಎಂದಷ್ಟೇ. ಮ್ಯಾಮತ್‌ಗೆ ಇನ್ನೊಂದು ಸುಳಿವುಂಟು: ಮಂಜುನೆಲದಲ್ಲಿ ಹೂತಿದ್ದಾಗ ಕಬ್ಬಿಣದ ಫಾಸ್ಫೇಟ್ ಕೂತು ಕಂದು ಇಲ್ಲವೇ ನೀಲಿ-ಹಸಿರು ಕಲೆ ಹಿಡಿದಿರುತ್ತದೆ, ಯುವಿಯಲ್ಲಿ ಅದು ಕಡುನೇರಳೆ ಮಖಮಲ್ಲಿನ ಹಾಗೆ ಕಾಣುತ್ತದೆ. ಕಲೆ ಇಲ್ಲದಿದ್ದರೆ ಮ್ಯಾಮತ್ ಅಲ್ಲ ಎಂದೇನೂ ಅಲ್ಲ.

ಮೈಸೂರಿನ ಬೀಟೆ ಮರದ ಹಳೆಯ ಪೆಟ್ಟಿಗೆ, ಮೇಜುಗಳ ಕುಸುರಿಯಲ್ಲಿ ದಂತ ಕೂರಿಸುತ್ತಿದ್ದರು. ಈಗ ಬಿಳಿ ಪ್ಲಾಸ್ಟಿಕ್ ಹಾಳೆ ಬಳಸುತ್ತಾರೆ. ತೆಳ್ಳಗೆ ಉದ್ದುದ್ದ ಸೀಳಿದ ಆ ಬಿಲ್ಲೆಗಳಲ್ಲಿ ಜಾಲರಿ ಕಾಣುವುದು ಅಪರೂಪ. ಯುವಿಯಲ್ಲಿ ಹೊಳೆದು, ರಂಧ್ರ ಕಾಣದಿದ್ದರೆ ದಂತವೆಂದು ಶಂಕಿಸಿ ಪ್ರಯೋಗಾಲಯಕ್ಕೆ ಕಳಿಸುವುದೊಂದೇ ದಾರಿ. ಅಜ್ಜಿಯ ಕಾಲದ್ದು ಎಂದು ಅದನ್ನು ಸೂಟ್‌ಕೇಸಿನಲ್ಲಿ ಅಮೆರಿಕಕ್ಕೆ ಒಯ್ಯಲು ಹೊರಟರೆ ಎರಡೂ ಕಡೆಯ ಕಸ್ಟಮ್ಸ್‌ನಲ್ಲಿ ತೊಂದರೆ ಕಟ್ಟಿಟ್ಟ ಬುತ್ತಿ.

ಏಷ್ಯಾದ್ದೋ ಆಫ್ರಿಕಾದ್ದೋ ಎಂಬುದನ್ನು ಗೆರೆ ಹೇಳದು. ಅದಕ್ಕೆ ಡಿಎನ್‌ಎ ಬೇಕು. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ, ಹೈದರಾಬಾದಿನ ಜೀವಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರದಲ್ಲಿ (ಸಿಸಿಎಂಬಿ) ಆ ಸೌಲಭ್ಯವಿದೆ. ಮಾದರಿ ತೆಗೆಯುವಾಗ ಕೆತ್ತನೆಯಿಲ್ಲದ ಮೂಲೆಯಲ್ಲಿ, ಡ್ರಿಲ್ಲನ್ನು ನಿಧಾನ ವೇಗದಲ್ಲಿ, ನಿಲ್ಲಿಸಿ ನಿಲ್ಲಿಸಿ ಓಡಿಸಬೇಕು. ಬಿಸಿಯಾದರೆ ಡಿಎನ್‌ಎ ಕೆಡುತ್ತದೆ. ಒಂದು ವಸ್ತುವಿನಿಂದ ಇನ್ನೊಂದಕ್ಕೆ ಹೋಗುವ ಮುನ್ನ ಡ್ರಿಲ್ಲಿನ ಬಿಟ್ಟನ್ನು ಬ್ಲೀಚಿನಲ್ಲಿ ತೊಳೆದು ಒರೆಸಬೇಕು, ಕೈಗವಸು ಬದಲಿಸಬೇಕು. ಪುಡಿಯನ್ನು ಒಣ ಟ್ಯೂಬಿಗೆ ಹಾಕಿ, ಮಹಜರಿನಲ್ಲಿರುವ ಕ್ರಮಸಂಖ್ಯೆಯನ್ನೇ ಬರೆದು ಸೀಲು ಮಾಡುತ್ತೇನೆ. ಕೊರೆದ ಮೇಲೆ ವಸ್ತುವನ್ನು ಮತ್ತೆ ತೂಗಿ, ಎರಡೂ ತೂಕಗಳನ್ನು ವರದಿಯಲ್ಲಿ ನಮೂದಿಸುತ್ತೇನೆ.