ಎರೆ ಹೊಲಕ್ಕೆ ಇಳಿಯುವ ಮೊದಲು: ಡೀಸೆಲ್ ಫೋರ್ ವೀಲ್ ಜೊತೆ ನನ್ನ ಅನುಭವ

ಚಿತ್ರದುರ್ಗ ಜಿಲ್ಲೆಯ ನೆಲ ಎಲ್ಲ ಕಡೆ ಒಂದೇ ಥರ ಇಲ್ಲ. ಭರಮಸಾಗರದ ಸುತ್ತ ಎರೆ ಹೊಲ. ಹೊಸದುರ್ಗದ ಕಡೆ ಕೆಂಪು ಮಣ್ಣು, ಗರಸು, ತೆಂಗಿನ ತೋಟ. ಚಳ್ಳಕೆರೆ ಕಡೆ ಶೇಂಗಾ ಹೊಲಗಳ ಸಡಿಲ ಮಣ್ಣು, ನಡುವೆ ಮರಳು ತುಂಬಿದ ಹಳ್ಳಗಳು. ನನ್ನದು ಹೊಲ ತೋಟಗಳಿಗೆ ಡ್ರಿಪ್ ಅಳವಡಿಸುವ ಕೆಲಸ. ಪೈಪಿನ ಸುರುಳಿಗಳು ಗೂಡ್ಸ್ ಗಾಡಿಯಲ್ಲಿ ಹೋಗುತ್ತವೆ. ಫಿಲ್ಟರ್, ವಾಲ್ವ್, ಸಾಮಾನಿನ ಡಬ್ಬಿ ಹಾಕಿಕೊಂಡು ನಾನು ಹೊಲದೊಳಕ್ಕೇ ಹೋಗಬೇಕು. ಬಿತ್ತನೆ ಹತ್ತಿರ ಬಂದಾಗ ಎಲ್ಲರಿಗೂ ಒಟ್ಟಿಗೆ ಕೆಲಸ ಆಗಬೇಕು. ಅಷ್ಟರಲ್ಲಿ ಮುಂಗಾರೂ ಶುರುವಾಗಿರುತ್ತದೆ.

ಹಳೆಯ ಬೊಲೆರೊ ಕೊಟ್ಟು ಥಾರ್ ಡೀಸೆಲ್ ಫೋರ್ ವೀಲ್ ಡ್ರೈವ್ ತಗೊಂಡಿದ್ದು ಇದಕ್ಕೇ. 2.2 ಲೀಟರ್ ಎಂಜಿನ್, 6 ಗೇರಿನ ಮ್ಯಾನುವಲ್. ಬೊಲೆರೊ ಮೇಲೆ ನನಗೆ ಯಾವ ದೂರೂ ಇಲ್ಲ, ವರ್ಷಗಟ್ಟಲೆ ಅನ್ನ ಕೊಟ್ಟ ಗಾಡಿ. ಆದರೆ ಅದಕ್ಕೆ ಹಿಂದಿನ ಎರಡು ಚಕ್ರಕ್ಕಷ್ಟೇ ಶಕ್ತಿ. ಖಾಲಿ ಗಾಡಿಯಲ್ಲಿ ಹಿಂಭಾಗ ಹಗುರ. ಎರೆ ಹಸಿಯಾದರೆ ಗಾಡಿಯನ್ನು ರಸ್ತೆ ಪಕ್ಕ ನಿಲ್ಲಿಸಿ, ಸಾಮಾನು ಹೊತ್ತುಕೊಂಡು ನಡೆಯುವುದೇ ಆಗುತ್ತಿತ್ತು.

ಫೋರ್ ವೀಲ್ ಬಗ್ಗೆ ನನ್ನ ಹತ್ತಿರ ಕೇಳುವವರಿಗೆಲ್ಲ ನಾನು ಮೊದಲು ಹೇಳುವುದು ಒಂದೇ ಮಾತು. ಲಿವರ್ ಹಾಕಬೇಕಾದ್ದು ಕೆಸರಿಗೆ ಇಳಿಯುವ ಮುಂಚೆ. ಸಿಕ್ಕಿಕೊಂಡ ಮೇಲೆ ಹಾಕಿದರೆ ನಾಲ್ಕು ಚಕ್ರವೂ ಸೇರಿ ಇನ್ನಷ್ಟು ಆಳಕ್ಕೆ ತೋಡುತ್ತವೆ. ಈ ಗಾಡಿ ತಾನಾಗಿ ಯೋಚನೆ ಮಾಡಿ ಮುಂದಿನ ಚಕ್ರಕ್ಕೆ ಶಕ್ತಿ ಕಳಿಸುವುದಿಲ್ಲ. ಯಾವಾಗ ಬೇಕು, ಯಾವಾಗ ಬೇಡ ಅಂತ ತೀರ್ಮಾನ ಮಾಡುವುದು ಡ್ರೈವರ್ ಕೆಲಸ. ನನಗೆ ಇದು ಇಷ್ಟ.

ಗೇರ್ ಲಿವರ್ ಪಕ್ಕ ಇರುವ ಸಣ್ಣ ಲಿವರಿನಲ್ಲಿ ನಾಲ್ಕು ಜಾಗ ಇವೆ: ಟೂ ಹೈ, ಫೋರ್ ಹೈ, ನ್ಯೂಟ್ರಲ್, ಫೋರ್ ಲೋ. ಫೋರ್ ಹೈ ಅಂದರೆ ನಾಲ್ಕೂ ಚಕ್ರಕ್ಕೆ ಶಕ್ತಿ. ಫೋರ್ ಲೋ ಅಂದರೆ ಅದೇ ನಾಲ್ಕು ಚಕ್ರ, ವೇಗ ಕಡಿಮೆ, ಎಳೆತ ಜಾಸ್ತಿ. ದಿನನಿತ್ಯ ಓಡಿಸುವುದೆಲ್ಲ ಟೂ ಹೈನಲ್ಲಿ. ಆಗ ಇದೂ ಬೊಲೆರೊ ಥರ ಹಿಂದಿನ ಚಕ್ರದ ಗಾಡಿಯೇ. ನಾನು ನೇರ ದಾರಿಯಲ್ಲಿ ನಿಧಾನಕ್ಕೆ ಹೋಗುತ್ತಿರುವಾಗಲೇ ಕ್ಲಚ್ ಒತ್ತಿ ಫೋರ್ ಹೈಗೆ ಹಾಕಿಕೊಳ್ಳುತ್ತೇನೆ. ಮೀಟರಿನಲ್ಲಿ ದೀಪ ಕೂಡಲೇ ಬರದಿದ್ದರೆ ಗಾಬರಿ ಬೇಡ. ಸ್ವಲ್ಪ ದೂರ ಉರುಳಿದ ಮೇಲೆ ಹಲ್ಲು ಕೂರುತ್ತವೆ, ದೀಪ ಬರುತ್ತದೆ. ಫೋರ್ ಲೋಗೆ ಹೋಗಬೇಕಾದರೆ ಗಾಡಿ ಪೂರ್ತಿ ನಿಲ್ಲಬೇಕು, ಗೇರ್ ನ್ಯೂಟ್ರಲ್ ಆಗಬೇಕು, ಕ್ಲಚ್ ಒತ್ತಿರಬೇಕು. ಆಮೇಲೆ ಲಿವರನ್ನು ಅಳುಕದೆ ಒಂದೇ ಸಲ ಎಳೆಯಬೇಕು.

ನಡುವಿನ ಆ ನ್ಯೂಟ್ರಲ್ ಬಗ್ಗೆ ಎಚ್ಚರ ಬೇಕು. ಸಣ್ಣ ಲಿವರ್ ಅಲ್ಲಿ ನಿಂತುಬಿಟ್ಟರೆ ಎಂಜಿನ್‌ಗೂ ಚಕ್ರಕ್ಕೂ ಸಂಬಂಧವೇ ಇರುವುದಿಲ್ಲ. ನೀವು ಗಾಡಿಯನ್ನು ಒಂದನೇ ಗೇರಿನಲ್ಲಿ ಬಿಟ್ಟು ಇಳಿದಿದ್ದರೂ ಇಳಿಜಾರಿನಲ್ಲಿ ಅದು ಉರುಳಿಕೊಂಡು ಹೋಗುತ್ತದೆ. ಅದಕ್ಕೆ ಹೊಲದಲ್ಲಿ ಎಲ್ಲೇ ನಿಲ್ಲಿಸಿದರೂ ನಾನು ಹ್ಯಾಂಡ್ ಬ್ರೇಕ್ ಎಳೆದೇ ಇಳಿಯುತ್ತೇನೆ. ಬದುವಿನ ಮೇಲೆ ನಿಲ್ಲಿಸಿದರೆ ಚಕ್ರಕ್ಕೆ ಒಂದು ಕಲ್ಲೂ ಇಡುತ್ತೇನೆ.

ಇನ್ನು ಡಾಂಬರು ರಸ್ತೆ. ಮಳೆ ಬಂತು ಅಂತ ಹೆದ್ದಾರಿಯಲ್ಲೂ ಫೋರ್ ಹೈ ಹಾಕಿಕೊಂಡು ಹೋಗುವವರನ್ನು ನೋಡಿದ್ದೇನೆ. ಅದು ಗಾಡಿಗೆ ಒಳ್ಳೆಯದಲ್ಲ. ಕುಂಟೆ ಹೊಡೆಯುವಾಗ ಸಾಲಿನ ಕೊನೆಯಲ್ಲಿ ತಿರುಗಿಸುತ್ತೇವಲ್ಲ, ಆಗ ಹೊರಗಡೆಯ ಎತ್ತು ಒಳಗಡೆಯದಕ್ಕಿಂತ ಜಾಸ್ತಿ ನಡೆಯಬೇಕು. ಎರಡೂ ಒಂದೇ ಅಳತೆ ಹೆಜ್ಜೆ ಹಾಕಬೇಕು ಅಂದರೆ ನೊಗ ಮುರಿಯುತ್ತದೆ. ಗಾಡಿ ತಿರುಗುವಾಗಲೂ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ದೊಡ್ಡ ಸುತ್ತು ಹಾಕುತ್ತವೆ. ಫೋರ್ ಹೈನಲ್ಲಿ ಮುಂದಿನ, ಹಿಂದಿನ ಶಾಫ್ಟುಗಳು ಒಂದಕ್ಕೊಂದು ಬಿಗಿದುಕೊಂಡಿರುತ್ತವೆ. ಕೆಸರಲ್ಲಿ, ಮರಳಲ್ಲಿ ಟೈರ್ ಸ್ವಲ್ಪ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಒಣ ಡಾಂಬರಿನ ಮೇಲೆ ಜಾರಲು ಜಾಗವೇ ಇಲ್ಲ. ಒತ್ತಡವೆಲ್ಲ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಗೇರ್ ಪೆಟ್ಟಿಗೆ, ಅಂದರೆ ಟ್ರಾನ್ಸ್‌ಫರ್ ಕೇಸ್, ಮತ್ತು ಶಾಫ್ಟುಗಳ ಮೇಲೆ ಬೀಳುತ್ತದೆ. ಸ್ಟೀರಿಂಗ್ ಬಿಗಿಯಾಗುತ್ತದೆ, ತಿರುವಿನಲ್ಲಿ ಗಾಡಿ ಹಿಡಿದು ಎಳೆದ ಹಾಗೆ ಆಗುತ್ತದೆ. ಲಿವರ್ ವಾಪಸ್ ಬರುವುದೂ ಕಷ್ಟ. ಹಾಗೆ ಲಿವರ್ ಸಿಕ್ಕಿಕೊಂಡರೆ ಜಗ್ಗಾಡಬೇಡಿ. ಸ್ಟೀರಿಂಗ್ ನೇರ ಮಾಡಿ, ರಿವರ್ಸ್‌ನಲ್ಲಿ ನಾಲ್ಕು ಮಾರು ಹಿಂದೆ ಬನ್ನಿ. ಬಿಗಿ ಬಿಟ್ಟು ಲಿವರ್ ಸಲೀಸಾಗಿ ಬರುತ್ತದೆ.

ಈಗ ಎರೆಗೆ ಬರೋಣ. ನನಗೆ ಈ ಗಾಡಿಯ ಗುಣ ಅರ್ಥ ಆಗಿದ್ದೇ ಅಲ್ಲಿ. ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಅಂಟುತ್ತದೆ. ಟೈರಿನ ಗುಂಡಿಗಳಲ್ಲಿ ತುಂಬಿಕೊಂಡರೆ ಟೈರ್ ನುಣ್ಣಗಾಗಿಬಿಡುತ್ತದೆ. ಆಮೇಲೆ ನಾಲ್ಕು ಚಕ್ರ ತಿರುಗಿದರೂ ಹಿಡಿತ ಇಲ್ಲ. ಇನ್ನೊಂದು ಮೋಸ ಏನೆಂದರೆ, ಮಳೆ ನಿಂತು ಬಿಸಿಲು ಬಿದ್ದರೆ ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ಗೇಣು ಕೆಳಗೆ ಇನ್ನೂ ಹಸಿ ಇರುತ್ತದೆ. ನಾನು ಇಳಿದು ಒಂದು ಕಬ್ಬಿಣದ ಸರಳು ಚುಚ್ಚಿ ನೋಡುತ್ತೇನೆ. ಸರಳು ಸಲೀಸಾಗಿ ಇಳಿದು, ಎಳೆದಾಗ ಮಣ್ಣು ಮೆತ್ತಿಕೊಂಡು ಬಂದರೆ ಆ ದಿನ ಗಾಡಿ ಬದುವಿನ ಹೊರಗೇ.

ಭರಮಸಾಗರದ ಹತ್ತಿರ ಒಬ್ಬ ಹಿರಿಯ ಟ್ರ್ಯಾಕ್ಟರ್ ಡ್ರೈವರ್ ಇದ್ದಾರೆ. ನಾನು ಅವರನ್ನು ಕಾಕಾ ಅಂತಲೇ ಕರೆಯುವುದು. ಹೊಸ ಗಾಡಿ ನೋಡಿ ಅವರು ಹೇಳಿದ ಮಾತು ನನಗೆ ಬಹಳ ಉಪಯೋಗಕ್ಕೆ ಬಂತು. "ತಮ್ಮಾ, ಕಡ್ಡಿ ಇಟ್ಟಂಗೆ ಒಂದೇ ವೇಗದಾಗೆ ಹೋಗ್ಬೇಕು. ನಡುವೆ ನಿಲ್ಲಿಸ್ಬೇಡ, ರೇಸ್ ಮಾಡ್ಬೇಡ. ನಿಂತ್ರೆ ಭೂಮಿ ಹಿಡ್ಕೊಳ್ತದೆ."

ಅದು ಹೇಳಿದಷ್ಟು ಸುಲಭ ಅಲ್ಲ. ಕಾರಣ ಈ ಎಂಜಿನ್ನಿನ ಸ್ವಭಾವ. ಇದರ 300 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ಸಿಗುವುದು 1600ರಿಂದ 2800 ಆರ್‌ಪಿಎಂ ನಡುವೆ. ಅದಕ್ಕಿಂತ ಕೆಳಗೆ ಎಂಜಿನ್ ಸ್ವಲ್ಪ ಮಂಕು. ಟರ್ಬೊ ಎಚ್ಚರವಾದ ಕೂಡಲೇ ಒಮ್ಮೆಲೇ ತಳ್ಳುತ್ತದೆ. ಹೆದ್ದಾರಿಯಲ್ಲಿ ಲಾರಿ ಓವರ್‌ಟೇಕ್ ಮಾಡುವಾಗ ಈ ತಳ್ಳು ಖುಷಿ ಕೊಡುತ್ತದೆ. ಕೆಸರಲ್ಲಿ ಅದೇ ತಳ್ಳು ಚಕ್ರವನ್ನು ಗಿರ್ರನೆ ತಿರುಗಿಸಿ ಗುಂಡಿ ತೋಡುತ್ತದೆ. ಫೋರ್ ಲೋ ಹಾಕಿದರೆ ಚಕ್ರದ ಎಳೆತ ಸುಮಾರು ಎರಡೂವರೆ ಪಟ್ಟು ಆಗುತ್ತದೆ, ವೇಗ ಅಷ್ಟೇ ಕಡಿಮೆ. ಆದರೆ ಒಂದನೇ ಗೇರ್ ಎರೆಗೆ ತೀರಾ ಚುರುಕು. ನಾನು ಫೋರ್ ಲೋನಲ್ಲಿ ಎರಡು ಅಥವಾ ಮೂರನೇ ಗೇರ್ ಹಾಕಿ, ಆರ್‌ಪಿಎಂ 1800ರ ಆಸುಪಾಸು ಇಟ್ಟು, ಕಾಲನ್ನು ಅಲ್ಲಾಡಿಸದೆ ಹೋಗುತ್ತೇನೆ. ಕ್ಲಚ್ ಅರ್ಧ ಒತ್ತಿ ಆಡಿಸುವ ಅಭ್ಯಾಸ ಇಲ್ಲಿ ಬಿಡಲೇಬೇಕು. ಕ್ಲಚ್ ಪ್ಲೇಟ್ ಸುಡುವುದು ಇಂಥ ಜಾಗದಲ್ಲೇ.

ಹೊಸದುರ್ಗದ ಕಡೆಯ ಕಲ್ಲು ಇಳಿಜಾರುಗಳಲ್ಲಿ ಮಾತ್ರ ಫೋರ್ ಲೋ ಒಂದನೇ ಗೇರ್ ನನಗೆ ಬಹಳ ಇಷ್ಟ. ಬ್ರೇಕ್ ಮುಟ್ಟದೆ, ಆಕ್ಸಿಲರೇಟರ್ ಮುಟ್ಟದೆ, ಎಂಜಿನ್ನೇ ಗಾಡಿಯನ್ನು ಹಿಡಿದು ನಡಿಗೆಯ ವೇಗದಲ್ಲಿ ಇಳಿಸುತ್ತದೆ. ಇಳಿಜಾರಿನಲ್ಲಿ ಕ್ಲಚ್ ಒತ್ತಬೇಡಿ. ಒತ್ತಿದರೆ ಆ ಹಿಡಿತ ಹೋಗುತ್ತದೆ.

ಫೋರ್ ವೀಲ್ ಅಂದರೆ ಯಾವಾಗಲೂ ನಾಲ್ಕೂ ಚಕ್ರ ಎಳೆಯುತ್ತವೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಎಡ, ಬಲ ಚಕ್ರಗಳ ನಡುವೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಅದನ್ನು ಸುಲಭವಾಗಿ ತಿರುಗುವ ಚಕ್ರಕ್ಕೆ ಬಿಟ್ಟುಕೊಡುತ್ತದೆ. ಬದು ದಾಟುವಾಗ ಮುಂದೆ ಒಂದು, ಹಿಂದೆ ಒಂದು ಚಕ್ರ ಗಾಳಿಯಲ್ಲಿ ನಿಂತರೆ ಅವೇ ಎರಡು ಸುಮ್ನೆ ತಿರುಗುತ್ತವೆ, ಗಾಡಿ ಮಾತ್ರ ಅಲ್ಲೇ. ನಾನು ತಗೊಂಡ ಮಾದರಿಯಲ್ಲಿ ಹಿಂದಿನ ಡಿಫರೆನ್ಷಿಯಲ್ ತಾನಾಗಿ ಲಾಕ್ ಆಗುವ ವ್ಯವಸ್ಥೆ ಇದೆ. ಅದು ಕೆಲಸ ಮಾಡಬೇಕಾದರೆ ಒಂದು ಚಕ್ರ ಇನ್ನೊಂದಕ್ಕಿಂತ ಜೋರಾಗಿ ಸ್ವಲ್ಪ ಹೊತ್ತು ತಿರುಗಬೇಕು. ತೀರಾ ಹಗುರವಾಗಿ ಕಾಲಿಟ್ಟರೆ ಲಾಕ್ ಆಗುವುದೇ ಇಲ್ಲ. ಬದುವಿನ ಮೇಲೆ ಚಕ್ರ ಜಾರಲು ಶುರುವಾದರೆ ಕಾಲು ಎತ್ತಬೇಡಿ, ಅಷ್ಟೇ ಅಷ್ಟು ಒತ್ತಿ ಹಿಡಿಯಿರಿ. ಕೆಳಗಿನಿಂದ 'ಧಡ್' ಅಂತ ಶಬ್ದ ಬರುತ್ತದೆ, ಎರಡೂ ಚಕ್ರ ಒಟ್ಟಿಗೆ ತಿರುಗಿ ಗಾಡಿ ಹತ್ತುತ್ತದೆ. ಆ ಶಬ್ದ ಮೊದಲ ಸಲ ಕೇಳಿದವರು ಏನೋ ಮುರಿಯಿತು ಅಂದುಕೊಳ್ಳುತ್ತಾರೆ. ಅದು ಲಾಕ್ ಕೂತ ಶಬ್ದ ಅಷ್ಟೇ.

ಚಳ್ಳಕೆರೆ ಕಡೆಯ ಮರಳು ಹಳ್ಳಗಳಲ್ಲಿ ಗಾಡಿಗಿಂತ ಟೈರಿನ ಗಾಳಿಯೇ ಮುಖ್ಯ. ಟೈರಿನ ಗಾಳಿಯನ್ನು 18ರಿಂದ 20 ಪಿಎಸ್‌ಐಗೆ ಇಳಿಸಿದರೆ ಟೈರ್ ಅಗಲವಾಗಿ ಕೂತು ಮರಳಿನ ಮೇಲೆ ತೇಲಿಕೊಂಡು ಹೋಗುತ್ತದೆ. ಹಾಗೆ ಇಳಿಸಿದ ಮೇಲೆ ಸ್ಟೀರಿಂಗ್ ಜೋರಾಗಿ ತಿರುಗಿಸಬಾರದು, ಟೈರ್ ರಿಮ್ಮಿನಿಂದ ಬಿಟ್ಟುಕೊಳ್ಳಬಹುದು. ಡಾಂಬರು ಮುಟ್ಟುವ ಮೊದಲು ಮತ್ತೆ ಗಾಳಿ ತುಂಬಿಸಲೇಬೇಕು. 12 ವೋಲ್ಟಿನ ಸಣ್ಣ ಗಾಳಿ ಪಂಪ್ ಸೀಟಿನ ಹಿಂದೆ ಯಾವಾಗಲೂ ಇರುತ್ತದೆ. ನನ್ನ ಪ್ರಕಾರ ಎಲ್ಲ ಅಲಂಕಾರದ ಸಾಮಾನುಗಳಿಗಿಂತ ಮೊದಲು ಕೊಳ್ಳಬೇಕಾದ್ದು ಇದು, ಒಂದು ಗಟ್ಟಿ ಎಳೆಯುವ ಪಟ್ಟಿ, ಒಂದು ಸಲಿಕೆ.

ನೀರಿನ ವಿಷಯ. 650 ಮಿಲಿಮೀಟರ್ ಆಳದ ನೀರಿನಲ್ಲಿ ಹೋಗಬಹುದು ಅಂತ ಕಂಪನಿ ಹೇಳುತ್ತದೆ. ಅದು ನಿಂತ ನೀರಿನ ಲೆಕ್ಕ ಅಂತ ಇಟ್ಟುಕೊಳ್ಳಿ. ಹರಿಯುವ ಹಳ್ಳ ಬೇರೆ. ತಳ ಕಾಣದಿದ್ದರೆ, ನೀರು ಕೆಂಪಗೆ ಸೆಳೆತದಲ್ಲಿದ್ದರೆ ನಾನು ಇಳಿಯುವುದೇ ಇಲ್ಲ, ಎಷ್ಟು ಹೊತ್ತಾದರೂ ಕಾಯುತ್ತೇನೆ ಅಥವಾ ಸುತ್ತಿ ಬರುತ್ತೇನೆ.

ಬೊಲೆರೊದಿಂದ ಬಂದವರಿಗೆ ತೀರಾ ಹೊಸದು ಅನ್ನಿಸುವುದು ಡಿಪಿಎಫ್. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಹೊಗೆ ನಿಯಮದ ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಫಿಲ್ಟರ್ ಇರುತ್ತದೆ, ಅದೇ ಡಿಪಿಎಫ್. ನನ್ನಂಥವರ ಓಡಾಟ ಅದಕ್ಕೆ ಆಗಿಬರುವುದಿಲ್ಲ. ಊರಿಂದ ಹೊಲ, ಹೊಲದಿಂದ ಹೊಲ, ನಿಧಾನ ವೇಗ, ಗಂಟೆಗಟ್ಟಲೆ ಎಂಜಿನ್ ಆನ್. ಇದರಲ್ಲಿ ಮಸಿ ತುಂಬುತ್ತಾ ಹೋಗುತ್ತದೆ, ಸುಡುವಷ್ಟು ಬಿಸಿ ಬರುವುದಿಲ್ಲ. ತುಂಬಿದಾಗ ಗಾಡಿ ತಾನೇ ಹೆಚ್ಚು ಡೀಸೆಲ್ ಬಿಟ್ಟು ಮಸಿಯನ್ನು ಸುಡಲು ಶುರು ಮಾಡುತ್ತದೆ. ಆಗ ನಿಂತಲ್ಲೇ ಆರ್‌ಪಿಎಂ ಸ್ವಲ್ಪ ಏರಿರುತ್ತದೆ, ಫ್ಯಾನ್ ಜೋರಾಗಿ ಓಡುತ್ತದೆ, ಮೈಲೇಜ್ ಇಳಿದ ಹಾಗೆ ಕಾಣುತ್ತದೆ, ಬಿಸಿ ವಾಸನೆ ಬರುತ್ತದೆ. ಆ ಹೊತ್ತಲ್ಲಿ ಕೀ ತಿರುಗಿಸಿ ಆಫ್ ಮಾಡಿದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಮತ್ತೆ ಮತ್ತೆ ಹೀಗೇ ಆದರೆ ಎಚ್ಚರಿಕೆ ದೀಪ ಬರುತ್ತದೆ, ಆಮೇಲೆ ವರ್ಕ್‌ಶಾಪ್ ಖರ್ಚು. ಸುಡದೆ ಉಳಿದ ಡೀಸೆಲ್ ಎಂಜಿನ್ ಆಯಿಲ್ ಜೊತೆ ಸೇರುವುದೂ ಉಂಟು. ಅದಕ್ಕೆ ಆಯಿಲ್ ಕಡ್ಡಿ ತೆಗೆದು ಮಟ್ಟ ಏರಿದೆಯಾ ಅಂತ ಆಗಾಗ ನೋಡಬೇಕು.

ನಾನು ಮಾಡಿಕೊಂಡ ದಾರಿ ಸರಳ. ದಾವಣಗೆರೆಗೆ ಸಾಮಾನು ತರಲು ಹೇಗೂ ಹೋಗಬೇಕು. 48ನೇ ಹೆದ್ದಾರಿಯಲ್ಲಿ ನಾಲ್ಕನೇ ಅಥವಾ ಐದನೇ ಗೇರಿನಲ್ಲಿ 2000 ಆರ್‌ಪಿಎಂಗಿಂತ ಮೇಲೆ ಇಟ್ಟು, ಎಲ್ಲೂ ನಿಲ್ಲಿಸದೆ ಓಡಿಸುತ್ತೇನೆ. ಫಿಲ್ಟರ್ ಸ್ವಚ್ಛ ಆಗಲು ಅಷ್ಟು ದೂರ ಸಾಕು. ರೈತರ ಹೊಲಕ್ಕೆ ಹೋಗುವವರು ಇನ್ನೊಂದು ಮಾತು ಗಮನದಲ್ಲಿಡಬೇಕು: ಮಸಿ ಸುಡುವಾಗ ಹೊಗೆ ಕೊಳವೆ ವಿಪರೀತ ಬಿಸಿ ಇರುತ್ತದೆ. ಮೆಕ್ಕೆಜೋಳದ ಒಣ ಸೊಪ್ಪೆಯ ಮೇಲೆ, ಒಣ ಹುಲ್ಲಿನ ಮೇಲೆ, ಬಣವೆ ಪಕ್ಕ ಗಾಡಿ ನಿಲ್ಲಿಸಬೇಡಿ. ಒಬ್ಬ ರೈತನ ವರ್ಷದ ಮೇವು ಅದು.

ಹೆದ್ದಾರಿ ಅಂದಾಗ ನಮ್ಮ ಕಡೆಯ ಗಾಳಿಯನ್ನು ಹೇಳಲೇಬೇಕು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ನೆ ನಿಂತಿಲ್ಲ. ಆಷಾಢದಲ್ಲಿ ಗಾಳಿ ನೈಋತ್ಯದಿಂದ ಬೀಸುತ್ತದೆ. ಹಿರಿಯೂರಿನಿಂದ ದಾವಣಗೆರೆವರೆಗೆ ಹೆದ್ದಾರಿ ಹೆಚ್ಚುಕಡಿಮೆ ವಾಯವ್ಯಕ್ಕೆ ಸಾಗುತ್ತದೆ. ಅಂದರೆ ದಾವಣಗೆರೆ ಕಡೆ ಹೋಗುವಾಗ ಗಾಳಿ ನೇರವಾಗಿ ಎಡ ಮಗ್ಗುಲಿಗೆ ಹೊಡೆಯುತ್ತದೆ. ಈ ಗಾಡಿ ಎತ್ತರ, ಮೈ ಚಪ್ಪಟೆ, ಚಾಸಿ ಮೇಲೆ ಕೂತ ಬಾಡಿ. ಲಾರಿ ಪಕ್ಕದಿಂದ ಮುಂದಕ್ಕೆ ಬಂದ ಕೂಡಲೇ ಗಾಳಿ ಬಲಕ್ಕೆ ತಳ್ಳುತ್ತದೆ. ಎರಡೂ ಕೈ ಸ್ಟೀರಿಂಗ್ ಮೇಲೆ ಇರಬೇಕು, 80ಕ್ಕಿಂತ ಮೇಲೆ ಹೋಗುವ ಆಸೆ ಬೇಡ. ಆ ವೇಗದಲ್ಲಿ ಲೀಟರಿಗೆ 13, 14 ಕಿಲೋಮೀಟರ್ ಕೊಡುತ್ತದೆ, ನನಗೆ ಅದು ಸಾಕು. ತಿರುವುಗಳಲ್ಲಿ ಬಾಡಿ ವಾಲುತ್ತದೆ. ತಿರುವಿಗೆ ಮೊದಲೇ ಬ್ರೇಕ್ ಹಾಕಿ ಮುಗಿಸಿ, ಆಮೇಲೆ ತಿರುಗಿಸುವುದು ಕ್ಷೇಮ.

ಮನೆಯವರಿಗೆ ಇದು ಅಷ್ಟು ಅನುಕೂಲದ ಗಾಡಿ ಅಲ್ಲ. ಹಿಂದಿನ ಸೀಟಿಗೆ ಮುಂದಿನ ಸೀಟು ಮಡಚಿಕೊಂಡೇ ಹತ್ತಬೇಕು. ಅವ್ವನಿಗೆ ಮೊಣಕಾಲು ನೋವು. ಅವಳು ಮುಂದಿನ ಸೀಟಿನಲ್ಲೇ ಕೂರುತ್ತಾಳೆ, ಅದಕ್ಕೂ ಒಂದು ಮೆಟ್ಟಿಲು ಹಾಕಿಸಿದ್ದೇನೆ. ಬದು ದಾಟುವಾಗ ಮೆಟ್ಟಿಲು ನೆಲಕ್ಕೆ ತಾಗಬಾರದು ಅಂತ ಬಾಡಿಗೆ ಅಂಟಿಕೊಂಡ ಹಾಗೆ ಎತ್ತರದಲ್ಲಿ ಕೂರಿಸಿದ್ದು. ಮನೆಗೆ ಒಂದೇ ಗಾಡಿ ಇರುವವರು, ಡಾಂಬರು ಬಿಟ್ಟು ಇಳಿಯದವರು ಫೋರ್ ವೀಲ್‌ಗೆ ಜಾಸ್ತಿ ದುಡ್ಡು ಹಾಕುವ ಅಗತ್ಯ ನನಗೆ ಕಾಣುವುದಿಲ್ಲ.

ತಗೊಂಡವರು ಬೇಸಿಗೆಯಲ್ಲೂ ಲಿವರ್ ಮರೆಯಬಾರದು. ತಿಂಗಳಿಗೊಮ್ಮೆಯಾದರೂ ಮಣ್ಣು ದಾರಿಯಲ್ಲಿ ಫೋರ್ ಹೈ ಹಾಕಿ ಒಂದೆರಡು ಕಿಲೋಮೀಟರ್ ಓಡಿಸಿ. ಮುಂದಿನ ಶಾಫ್ಟು, ಟ್ರಾನ್ಸ್‌ಫರ್ ಕೇಸುಗಳಲ್ಲಿ ಆಯಿಲ್ ಆಡುತ್ತದೆ, ಲಿವರ್ ಬಿಗಿಯಾಗುವುದಿಲ್ಲ. ಸರ್ವೀಸಿಗೆ ಬಿಟ್ಟಾಗ ಎಂಜಿನ್ ಆಯಿಲ್ ಜೊತೆ ಎರಡೂ ಡಿಫರೆನ್ಷಿಯಲ್, ಟ್ರಾನ್ಸ್‌ಫರ್ ಕೇಸ್ ಆಯಿಲನ್ನೂ ನೋಡಿ ಅಂತ ಬಾಯಿಬಿಟ್ಟು ಹೇಳಿ. ನೀರಿಗೆ ಇಳಿದ ಮೇಲಂತೂ ನೋಡಿಸಲೇಬೇಕು. ಆಯಿಲ್ ಬಿಳಿಚಿಕೊಂಡಿದ್ದರೆ ಒಳಗೆ ನೀರು ಹೋಗಿದೆ ಅಂತ ಅರ್ಥ.

ಎರೆ ಹೊಲದಿಂದ ಬಂದ ದಿನ ಗಾಡಿಯನ್ನು ಹಾಗೇ ನಿಲ್ಲಿಸಿ ಮಲಗಬೇಡಿ. ಆ ಮಣ್ಣು ಚಕ್ರದ ರಿಮ್ಮಿನ ಒಳಮುಖಕ್ಕೆ ಮೆತ್ತಿಕೊಂಡು ರಾತ್ರಿಯಲ್ಲಿ ಗಟ್ಟಿಯಾಗುತ್ತದೆ. ಮರುದಿನ ಹೆದ್ದಾರಿಯಲ್ಲಿ ಸ್ಟೀರಿಂಗ್ ನಡುಗುತ್ತದೆ, ಜನ ಅಲೈನ್‌ಮೆಂಟ್ ಹೋಗಿದೆ ಅಂದುಕೊಂಡು ಅಂಗಡಿಗೆ ಓಡುತ್ತಾರೆ. ಪೈಪ್ ಹಿಡಿದು ರಿಮ್ಮಿನ ಒಳಗೆ, ಬ್ರೇಕಿನ ಸುತ್ತ, ಚಾಸಿಯ ಮೂಲೆಗಳಿಗೆ ನೀರು ಬಿಟ್ಟು ತೊಳೆದರೆ ಆ ನಡುಕ ಅಲ್ಲೇ ಹೋಗುತ್ತದೆ.